ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು

ನಾನು ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕಟ್ಟೆಯ ಮೇಲೆ ನನ್ನನ್ನು ಬಲ್ಲವರು ಬೇರೆ ಏನೇನೋ ಹೇಳಿಯಾರು. ಇಪ್ಪತ್ತೈದು ವರ್ಷಗಳಲ್ಲಿ ನಾನು ನಾಲ್ಕು ಸಾವಿರದ ಮುನ್ನೂರ ಹನ್ನೆರಡು ಬೀಗ ಜಡಿದಿದ್ದೇನೆ. ಒಂದೊಂದಕ್ಕೂ ಕಾರಣವಿತ್ತು. ಕಾರಣವನ್ನು ಕೆಂಪಕ್ಷರದಲ್ಲಿ ಬರೆದೂ ಇದ್ದೇನೆ.

ಕಟ್ಟೆ ಎಂದರೆ 'ಕಬ್ಬಿಣದ ಸರೋವರ' ಎಂಬ ಹಳೆಯ ಕಂಪ್ಯೂಟರ್ ಆಟದ ಚರ್ಚಾಕಟ್ಟೆ. ಆಟ ನಡೆಯುವುದು ಅಮೆರಿಕದ ಮಹಾಸರೋವರಗಳಲ್ಲಿ, ಮಾಡಬೇಕಾದ್ದು ಇಷ್ಟೇ. ಡುಲುತ್‌ನಲ್ಲಿ ಹಡಗಿಗೆ ಅದಿರು ತುಂಬಿಸಿ, ಸುಪೀರಿಯರ್ ಸರೋವರ ದಾಟಿಸಿ, ನಮ್ಮೂರು ಸೂ ಬಳಿಯ ನೀರಿನ ಕದಗಳ ಮೂಲಕ ಕೆಳಗಿಳಿಸಿ, ಕ್ಲೀವ್‌ಲ್ಯಾಂಡಿಗೆ ಮುಟ್ಟಿಸುವುದು. ಗುಂಡು ಹಾರುವುದಿಲ್ಲ, ಯಾರೂ ಸಾಯುವುದಿಲ್ಲ, ಮಂಜು ಕವಿದರೆ ಅದು ಸರಿಯುವವರೆಗೆ ನಿಜವಾಗಿಯೂ ಕಾಯಬೇಕು. ಇಂಥ ಆಟವನ್ನು ಯಾರು ಆಡುತ್ತಾರೆ ಎಂದು ಕೇಳಬೇಡಿ. ನಾವು ಆಡುತ್ತೇವೆ.

ಕಟ್ಟೆಯ ಮೇಲೆ ಒಬ್ಬರು ಒಂದು ಪ್ರಶ್ನೆ ಹಾಕುತ್ತಾರೆ, ಅದರ ಕೆಳಗೆ ಉಳಿದವರು ಉತ್ತರ ಬರೆಯುತ್ತಾರೆ. ಅದಕ್ಕೆ ಎಳೆ ಎನ್ನುತ್ತೇವೆ. ನಿಯಮಗಳೂ ಇವೆ. ಮೊದಲು ಹುಡುಕು, ಆಮೇಲೆ ಕೇಳು. ಒಮ್ಮೆ ಕೇಳಿದ್ದನ್ನು ಮತ್ತೆ ಕೇಳಿದರೆ ಎಳೆಗೆ ಬೀಗ, ಆಮೇಲೆ ಅಲ್ಲಿ ಯಾರೂ ಬರೆಯಲಾಗದು. ವರ್ಷ ದಾಟಿದ ಎಳೆಗೆ ಏನಾದರೂ ಬರೆದು ಅದನ್ನು ಗೋರಿಯಿಂದ ಎಬ್ಬಿಸಿದರೂ ಬೀಗ. ಸುಮ್ಮಸುಮ್ಮನೆ 'ಹೌದು', 'ಅದೇ ಮತ್ತೆ' ಎಂದು ಬರೆದು ಲೆಕ್ಕ ಏರಿಸಿಕೊಳ್ಳುವವರಿಗೆ ಒಂದು ವಾರ ಬಹಿಷ್ಕಾರ. ಇವನ್ನೆಲ್ಲ ಮಾಡಿದವಳು ನಾನೇ, ಮೇಲ್ವಿಚಾರಕಿ ಐಲಿ ಕಂಗಾಸ್. ಮೊದಲು ಶಾಲೆಯ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸುತ್ತಿದ್ದೆ. ಅದರ ಮುಂದೆ ಇದೇನು ಮಹಾ.

ಏರಿಸಿಕೊಳ್ಳುವುದಕ್ಕೆ ಒಂದು ಲೆಕ್ಕವಿತ್ತು. ಯಾರು ಎಷ್ಟು ಬರೆದಿದ್ದಾರೆ ಎಂಬುದು ಹೆಸರಿನ ಪಕ್ಕ ಕಾಣುತ್ತದೆ, ಅದರಂತೆ ಹುದ್ದೆ. ಹೊಸಬರು ಡೆಕ್ ತೊಳೆಯುವವರು. ನೂರಕ್ಕೆ ಹಗ್ಗ ಹಿಡಿಯುವವರು, ಸಾವಿರಕ್ಕೆ ಚುಕ್ಕಾಣಿಯವರು, ಐದು ಸಾವಿರಕ್ಕೆ ಉಪಕಪ್ತಾನ. ಹತ್ತು ಸಾವಿರ ಬರೆದರೆ ಕಪ್ತಾನ, ಹೆಸರಿನ ಪಕ್ಕ ಚಿನ್ನದ ಲಂಗರು. ಕಟ್ಟೆ ಹುಟ್ಟಿದಾಗಿನಿಂದ ಒಬ್ಬರೂ ಕಪ್ತಾನರಾಗಿರಲಿಲ್ಲ.

ನನ್ನ ಅಣ್ಣ ರೈನೋ, ಎಪ್ಪತ್ನಾಲ್ಕು ವರ್ಷದವನು, ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತಕ್ಕೆ ಬಂದು ನಿಂತಿದ್ದ. ನಿಂತು ಆರು ವರ್ಷವಾಗಿತ್ತು.

ಆ ಹತ್ತು ಸಾವಿರದ ಪೋಸ್ಟು ಕಟ್ಟೆಯೇ ಎದ್ದು ನಿಲ್ಲುವ ಹಾಗಿರಬೇಕು ಎಂದು ಅವನ ಹಟ. ಹಳದಿ ಕಾಗದದ ಪುಸ್ತಕದಲ್ಲಿ ಪೆನ್ಸಿಲಿನಿಂದ ಭಾಷಣ ಬರೆಯುತ್ತಿದ್ದ, ಅಳಿಸುತ್ತಿದ್ದ, ಮತ್ತೆ ಬರೆಯುತ್ತಿದ್ದ. ಹದಿನಾಲ್ಕು ಪುಟವಾಗಿತ್ತು. ನಗಬೇಡಿ. ಅವನು ನಿಜವಾದ ಅದಿರು ಹಡಗುಗಳಲ್ಲಿ ಮೂವತ್ತೊಂದು ವರ್ಷ ದುಡಿದವನು. ಡೆಕ್ ತೊಳೆಯಲು ಸೇರಿದ, ಡೆಕ್ ತೊಳೆಯುತ್ತಲೇ ನಿವೃತ್ತನಾದ. ಮೇಲಿನ ಹುದ್ದೆಯ ಪರೀಕ್ಷೆಗೆ ಮೂರು ಸಲ ಕೂತ, ಮೂರು ಸಲವೂ ಗಣಿತ ಕೈಕೊಟ್ಟಿತು. ತಮಾಷೆಯಾಗಿಯೇ ಹೇಳಿಕೊಳ್ಳುತ್ತಾನೆ. ಆದರೆ ಕಪ್ತಾನ ಅನ್ನಿಸಿಕೊಳ್ಳಬೇಕೆಂಬ ಆಸೆ ಅವನಿಗೆ ಹೊಟ್ಟೆಯೊಳಗಿನಿಂದ ಇತ್ತು. ಒಂದು ಹಳೇ ಆಟದ ಕಟ್ಟೆಯ ಮೇಲಾದರೂ ಸರಿ.

ಆರು ವರ್ಷ ಅವನು ಒಂದಕ್ಷರ ಬರೆಯಲಿಲ್ಲ. ಅದಕ್ಕೆ ಬದಲು ನನಗೆ ಫೋನ್ ಮಾಡುತ್ತಿದ್ದ.

"ಐಲೀ, ಆ ಮಿಲ್ವಾಕಿಯವನು ಬರೆದಿರೋದು ನೋಡಿದ್ಯಾ? ಪೂರ್ತಿ ತಪ್ಪು ಕಣೇ."

"ತಪ್ಪು ಅಂತ ನೀನೇ ಬರಿಯಣ್ಣ."

"ಅವನ ಮುಖಕ್ಕೆ ನನ್ನ ಹತ್ತು ಸಾವಿರನೇದು ಖರ್ಚು ಮಾಡ್ಲಾ? ನೀನು ಬರಿ."

ಹೀಗೆ 'ಅದು ತಪ್ಪು ಎನ್ನುತ್ತಾನೆ ರೈನೋ' ಎಂದು ಬರೆದೂ ಬರೆದೂ ನನ್ನ ಲೆಕ್ಕ ಒಂಬತ್ತು ಸಾವಿರದ ಇನ್ನೂರಕ್ಕೆ ಏರಿತು. ಆಗ ಅವನಿಗೆ ಹೊಸ ಚಿಂತೆ ಹತ್ತಿಕೊಂಡಿತು.

"ನೀನು ನನ್ನ ದಾಟ್ಕೊಂಡು ಹೋಗ್ತೀಯ ಕಣೇ."

"ನಿನ್ನ ಮಾತು ಬರೆದೇ ತಾನೇ ಏರಿರೋದು?"

"ಅದಕ್ಕೇ ಹೇಳ್ತಿರೋದು. ಇನ್ಮೇಲೆ ಚಿಕ್ಕದಾಗಿ ಬರಿ."

"ಚಿಕ್ಕದಾಗಿ ಬರೆದ್ರೂ ಲೆಕ್ಕ ಒಂದೇ ಅಣ್ಣ."

ಗಣಿತ ಯಾಕೆ ಕೈಕೊಟ್ಟಿತು ಎಂದು ನನಗೇನೂ ಆಶ್ಚರ್ಯವಿಲ್ಲ.

ಹೀಗಿರುವಾಗ ಮಾರ್ಚ್ ತಿಂಗಳ ಕೊನೆಯಲ್ಲಿ ಗೋರ್ಡಿ ಸುದ್ದಿ ಹಾಕಿದ. ಕಟ್ಟೆ ಓಡುವ ಯಂತ್ರ ಇರುವುದು ಎಸ್ಕನಾಬಾದಲ್ಲಿ, ಗೋರ್ಡಿಯ ನೆಲಮಾಳಿಗೆಯಲ್ಲಿ. ಕಟ್ಟೆಯನ್ನು ಕಟ್ಟಿದವನೂ ಅವನೇ. "ಮಂಡಿ ನೋವು ತಡೆಯಲಾಗುತ್ತಿಲ್ಲ. ಮನೆ ಖಾಲಿ ಮಾಡಿ ಅರಿಜೋನಾಗೆ ಹೋಗುತ್ತಿದ್ದೇನೆ. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಪ್ಲಗ್ ಕೀಳುತ್ತೇನೆ. ಎಲ್ಲರೂ ಕೈಸಾಳ ಗುಂಪಿಗೆ ಹೋಗಿ. ವಂದನೆಗಳು." ಇಷ್ಟೇ. ಇಪ್ಪತ್ತೈದು ವರ್ಷಕ್ಕೆ ಐದು ಸಾಲು.

ಕೈಸಾ ನನ್ನ ಅಣ್ಣನ ಮಗಳು. ಅದೇ ಆಟಕ್ಕೆ ಸೋಷಿಯಲ್ ಮೀಡಿಯಾದಲ್ಲಿ ಒಂದು ಗುಂಪು ಮಾಡಿದ್ದಾಳೆ. ಅಲ್ಲಿ ಹನ್ನೊಂದು ಸಾವಿರ ಜನ. ನಮ್ಮ ಕಟ್ಟೆಯಲ್ಲಿ ಒಂಬತ್ತು ಜನ, ಅದರಲ್ಲಿ ಒಬ್ಬಾತ ತೀರಿಕೊಂಡು ಮೂರು ವರ್ಷವಾಗಿದೆ, ಆದರೂ ಯಂತ್ರ ಪ್ರತಿ ಹುಟ್ಟುಹಬ್ಬಕ್ಕೂ ಅವನಿಗೆ ಶುಭಾಶಯ ಹೇಳುತ್ತದೆ.

ಆ ಭಾನುವಾರ ಕಾಫಿಗೆ ಇಬ್ಬರೂ ನನ್ನ ಮನೆಗೆ ಬಂದರು. ಅಣ್ಣನ ಮುಖ ಹಿಂಡಿದ ಬಟ್ಟೆಯಂತಿತ್ತು. ಕೈಸಾ ಸಮಾಧಾನ ಹೇಳಲು ನೋಡಿದಳು.

"ಅತ್ತೆ, ಬೇಜಾರು ಮಾಡ್ಕೋಬೇಡಿ. ನನ್ನ ಗುಂಪಿಗೆ ಬನ್ನಿ. ಅಲ್ಲಿ ಜನ ಇದ್ದಾರೆ."

"ಜನ ಇದ್ದಾರೆ, ಸರಿ. ಇವತ್ತು ಹೇಳಿದ್ದು ನಾಳೆ ಎಲ್ಲಿ ಹೋಗತ್ತೆ?"

"ಕೆಳಗೆ ಹೋಗತ್ತೆ."

"ಕೆಳಗೆ ಅಂದ್ರೆ ಎಲ್ಲಿಗೆ?"

"ಕೆಳಗೆ ಅತ್ತೆ. ಕೆಳಗೆ ಅಂದ್ರೆ ಕೆಳಗೆ."

"ಬೇಕು ಅಂದ್ರೆ ಹುಡುಕೋದು ಹೇಗೆ?"

"ಹುಡುಕೋದು ಯಾಕೆ? ಇನ್ನೊಂದ್ಸಲ ಕೇಳಿದ್ರಾಯ್ತು."

ಇನ್ನೊಂದು ಸಲ ಕೇಳುವುದಂತೆ. ನಾನು ಇವಳನ್ನು ಎತ್ತಿ ಆಡಿಸಿದ್ದೇನೆ.

"ಪರೀಕ್ಷೆ ಮಾಡೋಣ ಬಾ," ಎಂದೆ. "ಖಾಲಿ ಹಡಗನ್ನ ನವೆಂಬರ್ ಗಾಳಿಯಲ್ಲಿ ಡುಲುತ್‌ನಿಂದ ಹೊರಗೆ ತರೋದು ಹೇಗೆ ಅಂತ ನಿನ್ನ ಗುಂಪಲ್ಲಿ ಕೇಳು."

ಕೇಳಿದಳು. ಅರ್ಧ ಗಂಟೆಯಲ್ಲಿ ಇನ್ನೂರ ಹನ್ನೆರಡು ಉತ್ತರ ಬಂದವು. ಮೊದಲನೆಯದು ಕಪ್ತಾನನ ಟೊಪ್ಪಿಗೆ ಹಾಕಿದ ಬೆಕ್ಕು. ಹದಿನೇಳು ಜನ 'ನನಗೂ ಇದೇ ತೊಂದರೆ' ಎಂದಿದ್ದರು. ಒಬ್ಬಾಕೆ ನನ್ನ ತಾತ ಡುಲುತ್‌ನವರು ಎಂದು ಫೋಟೋ ಹಾಕಿದ್ದಳು, ಅವರ ಕೈಯಲ್ಲಿ ಅರ್ಧ ತಿಂದ ಪ್ಯಾಸ್ಟಿ, ಅಂದರೆ ನಮ್ಮ ಕಡೆಯ ಮಾಂಸದ ಕಡುಬು, ಇತ್ತು. ಪ್ಯಾಸ್ಟಿಗೆ ಕೆಚಪ್ ಹಾಕಬೇಕೋ ಗ್ರೇವಿ ಹಾಕಬೇಕೋ ಎಂಬ ಜಗಳ ಅಲ್ಲಿಂದ ಶುರುವಾದದ್ದು ಮುಗಿಯಲೇ ಇಲ್ಲ. ಹಡಗು ಡುಲುತ್‌ನಲ್ಲೇ ಉಳಿಯಿತು.

"ಜನ ಖುಷಿಯಾಗಿದ್ದಾರಲ್ಲ ಅತ್ತೆ, ಅದು ಮುಖ್ಯ," ಎಂದಳು ಕೈಸಾ.

"ಗ್ರೇವಿ ಹಾಕೋರಿಗೆ ಮರ್ಯಾದೆ ಇಲ್ಲ," ಎಂದ ಅಣ್ಣ. ಆಮೇಲೆ ಲೋಟ ಕೆಳಗಿಟ್ಟ. "ಶನಿವಾರ ಹನ್ನೊಂದೂ ಐವತ್ತೈದಕ್ಕೆ ಹಾಕ್ತೀನಿ. ಹತ್ತು ಸಾವಿರನೇದು. ಐದು ನಿಮಿಷ ಕಪ್ತಾನ ಆಗಿರ್ತೀನಿ, ಸಾಕು ನಂಗೆ."

ನಾನು ಅವನಿಗೆ ಇನ್ನೊಂದು ಲೋಟ ಕಾಫಿ ಬಗ್ಗಿಸಿದೆ.

ಈಗ ನಾನು ಮಾಡಿದ ಘನಕಾರ್ಯಕ್ಕೆ ಬರುತ್ತೇನೆ. ನಮ್ಮ ಕಡೆ ಕಾಡಿನ ಗುಡಿಸಲಿನಲ್ಲಿ ವಾರ ಕಳೆದು ಹೊರಡುವಾಗ ಗುಡಿಸಿ ಸಾರಿಸಿ, ಒಲೆಯ ಪಕ್ಕ ಒಂದು ಹೊರೆ ಸೌದೆ ಜೋಡಿಸಿಯೇ ಬಾಗಿಲೆಳೆಯುವುದು. ಗುಡಿಸದೆ ಬಿಟ್ಟು ಬಂದರೆ ನನ್ನ ಅಮ್ಮ ಗೋರಿಯಿಂದ ಎದ್ದು ಬರುತ್ತಾಳೆ. ಶುಕ್ರವಾರ ಬೆಳಗ್ಗೆ ನನಗೆ ಅನ್ನಿಸಿತು, ನಾಳೆ ಕಟ್ಟೆ ಮುಚ್ಚುವುದಾದರೂ ಕೊಳಕಾಗಿ ಮುಚ್ಚಬಾರದು. ಕೂತು ಗುಡಿಸಿದೆ. ಎರಡೆರಡು ಸಲ ಹಾಕಿದ್ದು, ಕನ್ನಡಕ ಮಾರುವವರ ಜಾಹೀರಾತು, ಆಟಕ್ಕೆ ಸಂಬಂಧವಿಲ್ಲದ ಹರಟೆ, ಎಲ್ಲವನ್ನೂ ಅಳಿಸಿದೆ. 2005ರಲ್ಲಿ ಬೀಗ ಹಾಕಿದ್ದ ಒಂದು ಪುರಾತನ ಕಸವನ್ನೂ ಅಳಿಸಿದೆ. ಹೆಸರು: 'ಕೆಚಪ್ಪೋ ಗ್ರೇವಿಯೋ'. ಪರದೆ ಫಳಫಳ ಅನ್ನುತ್ತಿತ್ತು. ಆ ದಿನ ನಾನು ಹೆಮ್ಮೆಯಿಂದ ಮಲಗಿದೆ.

ಶನಿವಾರ ಬೆಳಗ್ಗೆ ಎಂಟೂ ಕಾಲಿಗೆ ಬಾಗಿಲು ಮುರಿದುಹೋಗುವ ಹಾಗೆ ಬಡಿದರು. ತೆಗೆದರೆ ಅಣ್ಣ. ತನ್ನ ಮದುವೆಯ ಕೋಟು ಹಾಕಿ, ಟೈ ಕಟ್ಟಿ, ಕಂಕುಳಲ್ಲಿ ಹಳದಿ ಪುಸ್ತಕ ಇಟ್ಟುಕೊಂಡು, ಹಿಮದ ಬೂಟಿನಲ್ಲಿ ನಿಂತಿದ್ದ. ಮುಖದಲ್ಲಿ ರಕ್ತವಿರಲಿಲ್ಲ.

"ಐಲೀ, ಏನ್ ಮಾಡ್ದೆ ನೀನು?"

"ಏನ್ ಮಾಡ್ದೆ?"

"ನನ್ನ ಲೆಕ್ಕ ನೋಡು."

ನೋಡಿದೆ. ಒಂಬತ್ತು ಸಾವಿರದ ಒಂಬೈನೂರ ಐವತ್ತೆಂಟು. ಎಳೆ ಅಳಿಸಿದರೆ ಅದರಲ್ಲಿ ಬರೆದವರ ಲೆಕ್ಕವೂ ಅಷ್ಟೇ ಇಳಿಯುತ್ತದೆ. ಕೆಚಪ್ಪಿನ ಪರವಾಗಿ ಅಣ್ಣ ನಲವತ್ತೊಂದು ಸಲ ಬರೆದಿದ್ದ.

"ವಾಪಸ್ ಹಾಕು."

"ಅಳಿಸಿದ್ದು ಬರಲ್ಲ ಅಣ್ಣ."

"ಬರಲ್ಲ ಅಂದ್ರೆ?"

"ಬರಲ್ಲ ಅಂದ್ರೆ ಬರಲ್ಲ. ಕಸ ಅಂದ್ಕೊಂಡೆ."

"ನನ್ನ ಜೀವಮಾನದಲ್ಲಿ ನಾನು ಬರೆದ ಅತ್ಯುತ್ತಮ ಮಾತುಗಳು ಅಲ್ಲಿದ್ವು," ಎಂದು ಅವನು ಬೂಟಿನ ಸಮೇತ ನನ್ನ ಸೋಫಾದ ಮೇಲೆ ಕುಸಿದ.

ನಾನು ಲೆಕ್ಕ ಹಾಕಿದೆ. ಅವನಿಗೆ ನಲವತ್ತೆರಡು ಪೋಸ್ಟು ಬೇಕು. ಆದರೆ ಒಂದು ಬರೆದ ಮೇಲೆ ಐದು ನಿಮಿಷ ಕಾಯದೆ ಇನ್ನೊಂದು ಬರೆಯಲಾಗದು. 2008ರಲ್ಲಿ ಅಣ್ಣನೂ ಆ ಮಿಲ್ವಾಕಿಯವನೂ ಅರ್ಧ ನಿಮಿಷಕ್ಕೊಮ್ಮೆ ಕಚ್ಚಾಡುತ್ತಿದ್ದಾಗ ಗೋರ್ಡಿಗೆ ಹೇಳಿ ನಾನೇ ಆ ಅಡ್ಡಗೋಲು ಹಾಕಿಸಿದ್ದೆ. ತೆಗೆಯುವುದು ಗೋರ್ಡಿಗೆ ಮಾತ್ರ ಗೊತ್ತು. ಅವನಿಗೆ ಹತ್ತು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಆಮೇಲೆ ಗೊತ್ತಾಯಿತು, ಫೋನು ಕಂಬಳಿಗಳ ಪೆಟ್ಟಿಗೆಯೊಳಗೆ ಪ್ಯಾಕಾಗಿ ಅಲ್ಲಿಂದಲೇ ರಿಂಗಾಗುತ್ತಿತ್ತಂತೆ.

"ನಲವತ್ತೊಂದು ಸಲ ಐದು ನಿಮಿಷ ಕಾಯಬೇಕು. ಮೂರು ಗಂಟೆ ಇಪ್ಪತ್ತೈದು ನಿಮಿಷ. ಎಂಟೂವರೆಗೆ ಶುರು ಮಾಡಿದ್ರೆ ಹನ್ನೊಂದೂ ಐವತ್ತೈದಕ್ಕೆ ಮುಟ್ತೀಯ. ಏಳಣ್ಣ."

"ಏನಂತ ಬರೀಲಿ? ಸುಮ್ನೆ 'ಹೌದು ಹೌದು' ಅಂತ ಬರೆದ್ರೆ ನೀನೇ ಹೊರಗೆ ಹಾಕ್ತೀಯ."

ಹಾಕುತ್ತಿದ್ದೆ. ಅದರಲ್ಲಿ ಸಂಶಯವಿಲ್ಲ. ಯೋಚಿಸಿದೆ. ಕಟ್ಟೆಯ ಒಂದು ಮೂಲೆಯಲ್ಲಿ 'ಉತ್ತರ ಸಿಗದ ಪ್ರಶ್ನೆಗಳು' ಎಂಬ ಪಟ್ಟಿಯಿದೆ. ಯಾರೋ ಕೇಳಿದ್ದು, ಯಾರೂ ಹೇಳದ್ದು, ಹಲವಕ್ಕೆ ನಾನೇ ಕಾರಣ ಬರೆದು ಬೀಗ ಹಾಕಿದ್ದು. ಅವನ್ನೆಲ್ಲ ಎಬ್ಬಿಸಬೇಕಾದರೆ ನನ್ನ ನಿಯಮವನ್ನು ನಾನೇ ಮುರಿಯಬೇಕು. ಮುರಿದೆ. ಬೀಗಗಳನ್ನು ಒಂದೊಂದಾಗಿ ತೆಗೆಯುವಾಗ ಬೆರಳು ಕೇಳದೆ ಎರಡು ಸಲ ವಾಪಸ್ ಹಾಕಿತು.

ಮೊದಲ ಪ್ರಶ್ನೆ 2003ರದ್ದು. "ಹಡಗು ನಿಂತಲ್ಲೇ ಸುತ್ತುತ್ತಿದೆ. ಏನು ಮಾಡಲಿ? ಬೇಗ ಹೇಳಿ, ಊಟಕ್ಕೆ ಕರೆಯುತ್ತಿದ್ದಾರೆ."

ಅಣ್ಣ ಒಂದೇ ಬೆರಳಲ್ಲಿ ಕುಟ್ಟಿದ: "ಲಂಗರು ಎತ್ತಿಲ್ಲ ನೀನು. ಎತ್ತು. ಊಟ ಆಯಿತಾ?"

ಒಂದು ಆಯಿತು. ಐದು ನಿಮಿಷ ಕಾದೆವು. ಎರಡನೆಯದು, ನದಿಯಲ್ಲಿ ಎದುರಿನಿಂದ ಹಡಗು ಬಂದರೆ ಎಷ್ಟು ಸಲ ಸೀಟಿ ಊದಬೇಕು ಎಂಬುದು. ಕಾದೆವು. ಮೂರನೆಯದು ಗೋರ್ಡಿಯದೇ. 2004ರಲ್ಲಿ, ನೆಲಮಾಳಿಗೆಗೆ ಅಳಿಲು ನುಗ್ಗಿದೆ ಏನು ಮಾಡಲಿ ಎಂದು ಕೇಳಿದ್ದ. ಆಟಕ್ಕೆ ಸಂಬಂಧವಿಲ್ಲ ಎಂದು ಅವನದೇ ಕಟ್ಟೆಯಲ್ಲಿ ಅವನಿಗೇ ನಾನು ಬೀಗ ಹಾಕಿದ್ದೆ. "ಬಾಗಿಲು ತೆಗೆದಿಟ್ಟು ಹೊರಗೆ ಕಡಲೆಕಾಯಿ ಇಡು," ಎಂದು ಬರೆದ ಅಣ್ಣ.

ಒಂಬತ್ತೂ ಹತ್ತಕ್ಕೆ ವಿಚಿತ್ರವಾಯಿತು. ಮೊದಲ ಪ್ರಶ್ನೆಯ ಕೆಳಗೆ ಉತ್ತರ ಬಂತು. "ಊಟ ಆಯಿತು ಸ್ವಾಮಿ. ಮದುವೆಯೂ ಆಯಿತು. ಈಗ ಗ್ರೀನ್ ಬೇನಲ್ಲಿ ಹಲ್ಲಿನ ಡಾಕ್ಟರು. ಆಗ ನನಗೆ ಹನ್ನೊಂದು ವರ್ಷ. ಆ ಹಡಗು ಇನ್ನೂ ಸುತ್ತುತ್ತಿರಬೇಕು."

ನಾವಿಬ್ಬರೂ ಮುಖಮುಖ ನೋಡಿಕೊಂಡೆವು. ನನಗೆ ಆಗ ನೆನಪಾಯಿತು. ಯಾರದಾದರೂ ಪ್ರಶ್ನೆಗೆ ಉತ್ತರ ಬಂದರೆ ಯಂತ್ರ ತಾನಾಗಿ ಅವರಿಗೆ ಮಿಂಚಂಚೆ ಕಳಿಸುತ್ತದೆ. ಇಪ್ಪತ್ತು ವರ್ಷದ ಹಿಂದೆ ಕೊಟ್ಟ ವಿಳಾಸವಾದರೂ ಅದಕ್ಕೇನು.

ಹತ್ತು ಗಂಟೆಯ ಹೊತ್ತಿಗೆ ಕಟ್ಟೆಯ ಮೇಲೆ ನಲವತ್ತು ಜನ ಕೂತಿದ್ದರು. ಹನ್ನೊಂದಕ್ಕೆ ತೊಂಬತ್ತು. ಯಾರ್ಯಾರೋ ಎಲ್ಲೆಲ್ಲಿಂದಲೋ ಎದ್ದು ಬಂದರು. ಒಬ್ಬ ಕೆಲಸದ ಮೀಟಿಂಗಿನಿಂದ ಬಂದೆ ಎಂದ. ಒಬ್ಬಾಕೆ ತಾನು ಕೇಳಿದ್ದು ಯಾವ ಆಟ ಎಂಬುದೇ ಮರೆತುಹೋಗಿದೆ, ಆದರೂ ಥ್ಯಾಂಕ್ಸ್ ಎಂದಳು. ಹಲ್ಲಿನ ಡಾಕ್ಟರು ಅಟ್ಟದಿಂದ ಹಳೇ ಕಂಪ್ಯೂಟರ್ ಇಳಿಸಿ, ಒಂದು ಗಂಟೆಯ ಮೇಲೆ ಒಂದೇ ಪದ ಬರೆದರು: "ಹೊರಟಿತು."

ಹದಿನೆಂಟನೆಯ ಪ್ರಶ್ನೆ 2012ರ ಕ್ರಿಸ್‌ಮಸ್ ದಿನದ್ದು. "ಇಲ್ಲಿ ಯಾರಾದರೂ ಇದ್ದೀರಾ?" ಅಷ್ಟೇ. ಕೆಳಗೆ ನನ್ನ ಕೆಂಪಕ್ಷರ: "ಇದು ಪ್ರಶ್ನೆಯಲ್ಲ. ಬೀಗ." ನನಗೆ ನನ್ನ ಮೇಲೇ ಅಸಹ್ಯವಾಯಿತು. ಅಣ್ಣ ಓದಿದ, ನನ್ನ ಕಡೆ ತಿರುಗಿ ನೋಡಿದ, ಬೈಯಲಿಲ್ಲ. "ಇದ್ದೀವಿ," ಎಂದು ಬರೆದ. ಅದಕ್ಕೆ ಯಾವ ಉತ್ತರವೂ ಬರಲಿಲ್ಲ. ಮುಂದಿನ ಐದು ನಿಮಿಷ ನಾನು ಅಡುಗೆಮನೆಯಲ್ಲಿ ಯಾವ ಕೆಲಸವೂ ಇಲ್ಲದೆ ನಿಂತಿದ್ದೆ.

ಅಷ್ಟರಲ್ಲಿ ಕೈಸಾ ಏಲಕ್ಕಿ ಬ್ರೆಡ್ಡು ತೆಗೆದುಕೊಂಡು ಬಂದಳು. ವಿಷಯ ಕೇಳಿ ತಲೆ ಮೇಲೆ ಕೈಹೊತ್ತಳು. ಕೂಡಲೇ ಫೋನ್ ತೆಗೆದು ತನ್ನ ಗುಂಪಿನಲ್ಲಿ ಹಾಕಿದಳು: ನಮ್ಮಪ್ಪ ಇವತ್ತು ಮಧ್ಯಾಹ್ನ ಕಪ್ತಾನ ಆಗುತ್ತಾನೆ, ಕಟ್ಟೆಗೆ ಬನ್ನಿ. ಆರು ನೂರು ಹೃದಯಗಳು ಬಂದವು. ಇನ್ನೂರು ಜನ 'ಅಪ್ಪನಿಗೆ ಒಳ್ಳೆಯದಾಗಲಿ' ಎಂದರು. ಒಬ್ಬ 'ಕಟ್ಟೆ ಎಂದರೇನು' ಎಂದು ಕೇಳಿದ.

"ಎಷ್ಟು ಜನ ಬಂದ್ರು?" ಎಂದೆ.

"ಬರ್ತಾರೆ ಅತ್ತೆ. ಸ್ವಲ್ಪ ತಡೀರಿ."

"ತಡೀತೀನಿ. ಬ್ರೆಡ್ ಕುಯ್ಯಿ."

ಹನ್ನೊಂದೂವರೆಗೆ ಗೋರ್ಡಿಯ ಯಂತ್ರ ಏದುಸಿರು ಬಿಡತೊಡಗಿತು. ಒಂಬತ್ತು ಜನಕ್ಕೆ ಒಗ್ಗಿಹೋಗಿದ್ದ ಪೆಟ್ಟಿಗೆ ಅದು. ಕೆಳಗೆ ಎಲ್ಲೋ ಯಾರೋ ಮತ್ತೆ ಕೆಚಪ್ಪು ಗ್ರೇವಿ ಶುರು ಮಾಡಿದ್ದರು. ಅಣ್ಣ ಒತ್ತಿದರೆ ಪೋಸ್ಟು ಹೋಗತೊಡಗಿ ನಡುವೆ ಎಲ್ಲೋ ಕೂತುಬಿಡುತ್ತಿತ್ತು. ಹತ್ತು ನಿಮಿಷ ಹಾಳಾಯಿತು. ಅವನ ಹಣೆಯ ಬೆವರು ಮದುವೆಯ ಕೋಟಿನ ಮೇಲೆ ತೊಟ್ಟಿಕ್ಕುತ್ತಿತ್ತು. ಹನ್ನೆರಡಕ್ಕೆ ಸರಿಯಾಗಿ ನಲವತ್ತೊಂದನೆಯದು ಹೋಯಿತು. ಲೆಕ್ಕ ಮತ್ತೆ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತಕ್ಕೆ ಬಂತು. ಇನ್ನು ಐದು ನಿಮಿಷ ಕಾಯಬೇಕು. ಸಮಯ ಮಾತ್ರ ಮುಗಿದಿತ್ತು.

ನಾನು ಮೊದಲ ಬಾರಿಗೆ ಎಲ್ಲರಿಗೂ ಕಾಣುವ ಹಾಗೆ ದೊಡ್ಡಕ್ಷರದಲ್ಲಿ ಬೇಡಿಕೊಂಡೆ: "ಗೋರ್ಡಿ, ಐದೇ ನಿಮಿಷ. ಉಳಿದವರು ದಯವಿಟ್ಟು ಏನೂ ಬರೆಯಬೇಡಿ. ರೈನೋಗೆ ದಾರಿ ಬಿಡಿ."

ಗೋರ್ಡಿಯ ಉತ್ತರ ಬಂತು. "ಲಾರಿಯವರು ಬಾಗಿಲಲ್ಲಿ ನಿಂತಿದ್ದಾರೆ. ಪ್ಯಾಸ್ಟಿ ಕೊಟ್ಟು ಕೂರಿಸಿದ್ದೇನೆ. ಕಡಲೆಕಾಯಿ ಐಡಿಯಾ ಚೆನ್ನಾಗಿದೆ, ಆದರೆ ಅಳಿಲು ಹನ್ನೆರಡು ವರ್ಷದ ಹಿಂದೆಯೇ ಹೋಯಿತು. ಬೇಗ."

ನೂರ ನಲವತ್ತು ಜನ ಕಟ್ಟೆಯ ಮೇಲಿದ್ದರು, ಒಬ್ಬರೂ ಬರೆಯಲಿಲ್ಲ. ಆ ಮಿಲ್ವಾಕಿಯವನೂ ಬಾಯಿ ಮುಚ್ಚಿಕೊಂಡಿದ್ದ. ಅದೊಂದನ್ನು ನೋಡಿದ್ದಕ್ಕೆ ನನ್ನ ಜನ್ಮ ಸಾರ್ಥಕವಾಯಿತು.

ಅಣ್ಣ ಹಳದಿ ಪುಸ್ತಕ ಬಿಡಿಸಿದ.

"ಅಪ್ಪ, ನೀನು ಓದ್ತಾ ಹೋಗು, ನಾನು ಟೈಪ್ ಮಾಡ್ತೀನಿ," ಎಂದಳು ಕೈಸಾ.

"ಕೈ ತೆಗಿ. ನನ್ನ ಹತ್ತು ಸಾವಿರ ನಾನೇ ಒತ್ತಬೇಕು."

ಒಂದೇ ಬೆರಳು. ಕುಟ್ಟಿದ, ಅಳಿಸಿದ, ಕುಟ್ಟಿದ. ಹದಿನಾಲ್ಕು ಪುಟದಲ್ಲಿ ಒಂದೂವರೆ ಸಾಲು ಆಗುವಷ್ಟರಲ್ಲಿ ಐದು ನಿಮಿಷ ಮುಗಿಯಿತು. "ಸ್ನೇಹಿತರೇ, ನಾನು ಮೂವತ್ತೊಂದು ವರ್ಷ ಹಡಗಿನ ಡೆಕ್ ತೊಳೆದವನು. ಇವತ್ತು" ಎಂಬಲ್ಲಿಗೆ ಬಂದಿದ್ದ. ಮುಂದಿನ ಪುಟ ತಿರುಗಿಸಲು ಕೈ ಎತ್ತಿದ. ಕೋಟಿನ ತೋಳು ತಗುಲಿ ಕಳಿಸುವ ಗುಂಡಿ ಒತ್ತಿಹೋಯಿತು.

ಪೋಸ್ಟು ಹೊರಟಿತು. ನಾವು ಮೂವರೂ ಪರದೆಗೆ ಮುಖ ಹಚ್ಚಿದೆವು. ಯಂತ್ರ ಒಂದಿಷ್ಟು ಯೋಚಿಸಿ ತೋರಿಸಿತು.

"ಸ್ನೇಹಿತರೇ, ನಾನು ಮೂವತ್ತೊಂದು ವರ್ಷ ಹಡಗಿನ ಡೆಕ್ ತೊಳೆದವನು. ಇವತ್ತು"

ಅದರ ಕೆಳಗೆ: "ರೈನೋ ಕಂಗಾಸ್. ಬರೆದದ್ದು: 0000. ಹುದ್ದೆ: ಡೆಕ್ ತೊಳೆಯುವವ."

ಅದರ ಕೆಳಗೆ, 2001ರಲ್ಲಿ ನಾನು ಬರೆದಿಟ್ಟದ್ದು ತಾನಾಗಿ ಬಂದು ಕೂತಿತು: "ಸ್ವಾಗತ, ಹೊಸಬರೇ. ಮೊದಲು ನಿಯಮ ಓದಿ. ಐಲಿ, ಮೇಲ್ವಿಚಾರಕಿ."

ಗೋರ್ಡಿಯೇ ಬರೆದ. "ರೈನೋ, ತಪ್ಪು ನನ್ನದು. ಯಂತ್ರದಲ್ಲಿ ಲೆಕ್ಕಕ್ಕೆ ನಾಲ್ಕೇ ಅಂಕಿಯ ಮನೆ ಇಟ್ಟಿದ್ದೆ, 9999 ದಾಟಿದರೆ ಮತ್ತೆ ಸೊನ್ನೆ. ತಲೆ ಸರಿಯಿರುವವರು ಯಾರೂ ಹತ್ತು ಸಾವಿರ ಬರೆಯಲಾರರು ಅಂದುಕೊಂಡಿದ್ದೆ. ಲಂಗರಿನ ಚಿತ್ರವನ್ನೂ ಬರೆದಿರಲಿಲ್ಲ."

ನಾನು ಅಣ್ಣನ ಕಡೆ ಓರೆಗಣ್ಣಿನಲ್ಲಿ ನೋಡಿದೆ. ಕೈಸಾ ಅವನ ಭುಜದ ಮೇಲೆ ಕೈಯಿಟ್ಟಳು. ಅವನು ಕನ್ನಡಕ ತೆಗೆದ, ಟೈಯಿಂದ ಒರೆಸಿದ, ಹಾಕಿಕೊಂಡ, ಮತ್ತೆ ಓದಿದ. ಮೂರು ಸಲ ಪರೀಕ್ಷೆ ಬರೆದು ಮನೆಗೆ ಬಂದಾಗಲೂ ಅವನ ಮುಖ ಹೀಗೇ ಇತ್ತು. ನನಗೆ ಆ ಯಂತ್ರವನ್ನು ಎತ್ತಿ ನದಿಗೆ ಎಸೆಯಬೇಕು ಅನ್ನಿಸಿತು, ಗೋರ್ಡಿಯನ್ನೂ ಜೊತೆಗೆ.

"ಮುಗೀತು ಬಿಡು," ಎಂದ ಅಣ್ಣ. "ಕೀಳಕ್ಕೆ ಹೇಳು ಅವನಿಗೆ."

ನಾನು ಬರೆಯಲು ಕೈಯಿಡುವಷ್ಟರಲ್ಲಿ ಪರದೆಯ ಮೇಲೆ ಹೊಸ ಎಳೆಯೊಂದು ಮೂಡಿತು. ಹೊಸ ಹೆಸರು. ಲೂಸಿಂಡಾ, ಹುದ್ದೆ ಡೆಕ್ ತೊಳೆಯುವವಳು, ಸೇರಿ ಎರಡು ನಿಮಿಷ. ಮೂರು ವರ್ಷದಲ್ಲಿ ನಮ್ಮ ಕಟ್ಟೆ ಹತ್ತಿದ ಮೊದಲ ಹೊಸ ಮುಖ.

"ನಮಸ್ಕಾರ. ಕೈಸಾ ಅವರ ಗುಂಪಿನಿಂದ ಬಂದೆ. ಅಲ್ಲಿ ಮೂರು ಸಲ ಕೇಳಿದೆ, ಎಲ್ಲರೂ ನಗುವ ಮುಖ ಹಾಕಿದರು. ಇಲ್ಲಿ ಕಪ್ತಾನ ರೈನೋ ಎನ್ನುವವರು ಇದ್ದಾರಂತೆ. ಅವರನ್ನು ಒಂದು ಮಾತು ಕೇಳಬಹುದಾ? ನನ್ನ ಖಾಲಿ ಹಡಗು ಗಾಳಿಗೆ ಡುಲುತ್‌ನಿಂದ ಹೊರಗೇ ಬರುತ್ತಿಲ್ಲ."

"ನಾನು ಹೇಳಿದ್ನಲ್ಲ ಅತ್ತೆ, ಬರ್ತಾರೆ ಅಂತ," ಎಂದಳು ಕೈಸಾ, ಮೂಗು ಒರೆಸಿಕೊಳ್ಳುತ್ತ.

ಈ ಪ್ರಶ್ನೆ ನಮ್ಮಲ್ಲಿ ಆರು ಸಲ ಆಗಿಹೋಗಿದೆ. ಯಾವ ಎಳೆಯಲ್ಲಿ, ಯಾವ ಪುಟದಲ್ಲಿ ಎಂಬುದೂ ನನಗೆ ಬಾಯಿಪಾಠ. ನಾನು ತುಟಿ ಬಿಗಿದುಕೊಂಡು ಸುಮ್ಮನಿದ್ದೆ.

ಅಣ್ಣ ಒಂದು ಸಲ ಓದಿದ. ಬೆರಳಿಟ್ಟು ಇನ್ನೊಂದು ಸಲ ಓದಿದ. 'ಕಪ್ತಾನ ರೈನೋ' ಎಂಬಲ್ಲಿ ಬೆರಳು ನಿಂತಿತು.

"ಐಲೀ, ಗೋರ್ಡಿಗೆ ಬರಿ. ಪ್ಲಗ್ ಮುಟ್ಟಿದ್ರೆ ಕೈ ಮುರೀತೀನಿ ಅಂತ ಬರಿ. ಇಲ್ಲೊಬ್ಬರ ಹಡಗು ಸಿಕ್ಕಾಕ್ಕೊಂಡಿದೆ."

"ಲಾರಿಯವರು ಕಾಯ್ತಿದ್ದಾರಂತಲ್ಲ ಅಣ್ಣ."

"ಇನ್ನೊಂದು ಪ್ಯಾಸ್ಟಿ ಕೊಡ್ಲಿ. ನಾನೇ ಎಸ್ಕನಾಬಾಗೆ ಹೋಗಿ ಆ ಪೆಟ್ಟಿಗೆ ತಂದು ನಮ್ಮನೇಲಿ ಇಟ್ಕೋತೀನಿ. ಇವತ್ತೇ ಹೋಗ್ತೀನಿ. ಮೊದಲು ಈ ಹುಡುಗಿ ಹಡಗು ಹೊರಗೆ ಬರ್ಲಿ."

ಬರೆದೆ. ಗೋರ್ಡಿ "ಸರಿ" ಎಂದ. ಅಷ್ಟು ಹೊತ್ತಿಗೆ ಅಣ್ಣ ಲೂಸಿಂಡಾಗೆ ಉತ್ತರ ಕುಟ್ಟಿ ಮುಗಿಸಿ ಒತ್ತಿಯೂ ಆಗಿತ್ತು. ಯಂತ್ರ ಒಪ್ಪಲಿಲ್ಲ. ಎರಡು ಪೋಸ್ಟುಗಳ ನಡುವೆ ಐದು ನಿಮಿಷ ಕಾಯಬೇಕು ಎಂದಿತು.

"ತೆಗಿಯೇ ಇದನ್ನ."

"ನಂಗೆ ಬರಲ್ಲ ಅಂತ ಹೇಳಿದ್ನಲ್ಲ. ನಾನು ನಿನ್ನ ಪರವಾಗಿ ಬರೆದುಬಿಡ್ಲಾ, ಮೊದಲಿನ ಹಾಗೆ? 'ಎನ್ನುತ್ತಾನೆ ರೈನೋ' ಅಂತ?"

"ಬೇಡ. ನನ್ನನ್ನ ಕೇಳಿದಾಳೆ. ನಾನೇ ಹೇಳ್ತೀನಿ."

ಆರು ವರ್ಷ ಬಾಯಿ ಕಟ್ಟಿಕೊಂಡು ಕೂತಿದ್ದ ಮನುಷ್ಯನಿಗೆ ಆ ಐದು ನಿಮಿಷ ಕೂರಲಾಗಲಿಲ್ಲ. ಎದ್ದ, ಕೂತ, ಬ್ರೆಡ್ಡಿನ ತುಂಡು ಬಾಯಿಗೆ ಹಾಕಿಕೊಂಡು ಅಗಿಯುವುದನ್ನು ಮರೆತ. ಹಳದಿ ಪುಸ್ತಕ ಕಾಲಡಿಗೆ ಬಿದ್ದಿತ್ತು, ಅದರ ಮೇಲೇ ಓಡಾಡಿದ.

"ಎಷ್ಟಾಯ್ತು?"

"ಎರಡು ನಿಮಿಷ."

"ಸುಳ್ಳು ಹೇಳ್ಬೇಡ. ಜಾಸ್ತಿ ಆಗಿದೆ."

"ಎರಡೇ ಕಪ್ತಾನರೇ. ಕೂತ್ಕೊಳ್ಳಿ," ಎಂದೆ. ಅವನು ನನ್ನ ಮುಖ ನೋಡಿದ, ಕೋಟಿನ ಗುಂಡಿಗಳನ್ನು ಸರಿಮಾಡಿಕೊಂಡ, ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು ಕೂತ.